ಒಡಿಕತ್ತಿ ಒಂದು ಬೀರುವಲ್ಲಿ, ತೊಡಂಗ್ ಇನ್ನೊಂದರಲ್ಲಿ: ಮ್ಯೂಸಿಯಂ ಕೆಲಸದಲ್ಲಿ ನನ್ನ ಒಂದು ವರ್ಷ

ಆ ಮ್ಯೂಸಿಯಂಗೆ ನಾನು ಸೇರಿದ್ದು ಏಪ್ರಿಲ್ ಮೊದಲ ವಾರ, ಒಂದು ವರ್ಷದ ಕಾಂಟ್ರಾಕ್ಟ್, ಕೊನೆಗೆ ಎರಡು ತಿಂಗಳು ಜಾಸ್ತಿ ಆಯ್ತು. ಮ್ಯೂಸಿಯಂ ಹೆಸರು ಇಲ್ಲಿ ಬೇಡ, ಕೊಡಗಿನ ಹೊರಗಿರೋ ಒಂದು ದೊಡ್ಡ ಸಾರ್ವಜನಿಕ ಮ್ಯೂಸಿಯಂ ಅಂದ್ಕೊಳ್ಳಿ ಸಾಕು. ಅವ್ರು ಆ ವರ್ಷಕ್ಕೆ ಒಂದು ದೊಡ್ಡ ಪ್ಲಾನ್ ಹಾಕಿದ್ರು, ಸ್ಟೋರ್‌ನಲ್ಲಿ ಎಷ್ಟೋ ವರ್ಷದಿಂದ ಬಿದ್ದಿರೋ ಕೊಡಗಿನ ವಸ್ತುಗಳನ್ನ ಹೊರಗೆ ತೆಗೀಬೇಕು, ಅವುಗಳ ಬಗ್ಗೆ ಸರಿಯಾಗಿ ರಿಸರ್ಚ್ ಮಾಡಬೇಕು, ನವೆಂಬರ್‌ನಲ್ಲಿ ಎಕ್ಸಿಬಿಷನ್, ಆಮೇಲೆ ಅದನ್ನೇ ಚಿಕ್ಕದು ಮಾಡಿ ಕೊಡಗಿಗೆ ತಗೊಂಡು ಬಂದು ಶಾಲೆ, ಹಾಡಿ (ಆದಿವಾಸಿಗಳ ಕೇರಿ), ಊರು ಅಂತ ಸುತ್ತಬೇಕು ಅಂತ. ಅದಕ್ಕೆ ಕೊಡಗಿನವರೇ ಒಬ್ರು ಬೇಕಿತ್ತು. ನಮ್ಮನೆ ಮಕ್ಕಂದೂರು ಕಡೆ, ಮನೇಲಿ ಅರೆಭಾಷೆ, ಕೊಡವ ತಕ್ಕ್ ಚಿಕ್ಕಂದಿನಿಂದ ಕೇಳಿ ಮಾತಾಡಿ ಗೊತ್ತು, ಹಾಗಾಗಿ ನಂಗೆ ಸಿಕ್ತು.

ಮೊದಲ ಎರಡು ವಾರ ಬರೀ ಸ್ಟೋರ್. ಮ್ಯೂಸಿಯಂ ಅಂದ್ರೆ ಗ್ಯಾಲರಿ ಅಂತ ನಾವು ಅಂದ್ಕೊಂಡಿರ್ತೀವಿ, ಆದ್ರೆ ಗ್ಯಾಲರಿಯಲ್ಲಿ ಕಾಣೋದು ಸ್ವಲ್ಪ, ಬಾಕಿ ಎಲ್ಲಾ ಒಳಗೆ ಬೀರುಗಳಲ್ಲಿ, ಡ್ರಾಯರ್‌ಗಳಲ್ಲಿ, ಮಸ್ಲಿನ್ ಬಟ್ಟೆ ಸುತ್ತಿಕೊಂಡು ಮಲಗಿರುತ್ತೆ. ಕೊಡಗಿನದು ಅಂತ ರಿಜಿಸ್ಟರ್‌ನಲ್ಲಿ ಇದ್ದದ್ದು 41 ವಸ್ತು. ಒಂದೊಂದಕ್ಕೂ ಒಂದು ಕಾರ್ಡ್. ಮೊದಲನೇ ಕಾರ್ಡ್ ತೆಗೆದೆ, ಅದರಲ್ಲಿ ಹೀಗಿತ್ತು: "ಕತ್ತಿ. ಕೂರ್ಗ್. ಕಬ್ಬಿಣ, ಮರ." ಅಷ್ಟೇ. ಯಾರದ್ದು, ಯಾವ ಊರು, ಯಾವ ಮನೆ, ಯಾರು ಕೊಟ್ರು, ಯಾತಕ್ಕೆ ಬಳಸ್ತಿದ್ರು, ಒಂದೂ ಇಲ್ಲ. ಎರಡನೇದು "ಹಾರ, ಕೂರ್ಗ್." ಮೂರನೇದು "ಬುಟ್ಟಿ." ಒಂದು ಕಾರ್ಡ್‌ನಲ್ಲಿ "ಹಿತ್ತಾಳೆ ಕೊಂಡಿ, ಉಪಯೋಗ ತಿಳಿದಿಲ್ಲ" ಅಂತಿತ್ತು. ಆವತ್ತು ಸಂಜೆ ರೂಮಿಗೆ ಬಂದು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ವಸ್ತು ಚೆನ್ನಾಗಿ ಕಾಪಾಡಿದ್ದಾರೆ, ತುಕ್ಕು ಇಲ್ಲ, ಹುಳ ಇಲ್ಲ, ಅದಕ್ಕೆ ನಿಜವಾಗ್ಲೂ ಕೈ ಮುಗೀಬೇಕು, ಆದ್ರೆ ಆ ವಸ್ತು ಜೊತೆ ಇದ್ದ ಮಾತು ಪೂರ್ತಿ ಕಳೆದುಹೋಗಿತ್ತು. ವಸ್ತು ತರೋದು ಸುಲಭ, ಅದರ ಮಾತನ್ನೂ ಜೊತೆಗೆ ತರೋದೇ ಕಷ್ಟದ ಕೆಲಸ ಅಂತ ಆವತ್ತು ಅನ್ಸಿದ್ದು ಇಡೀ ವರ್ಷ ತಲೆಯಲ್ಲೇ ಇತ್ತು.

ನಂಬರ್ ಹಾಕೋದು ಹೇಗೆ ಅಂತ ಕಲಿಸಿದ್ರು. ಪ್ಯಾರಲಾಯ್ಡ್ ಬಿ-72 ಅಂತ ಒಂದು ರೆಸಿನ್ ಬರುತ್ತೆ, ಅದನ್ನ ಅಸಿಟೋನ್‌ನಲ್ಲಿ ಕರಗಿಸಿ ವಸ್ತುವಿನ ಕಾಣದ ಜಾಗದಲ್ಲಿ ಉಗುರಿಗೆ ಬಣ್ಣ ಹಚ್ಚಿದ ಹಾಗೆ ತೆಳ್ಳಗೆ ಒಂದು ಪಟ್ಟಿ ಹಚ್ಚೋದು, ಒಣಗಿದ ಮೇಲೆ ಅದರ ಮೇಲೆ ಸಣ್ಣ ನಿಬ್‌ನಲ್ಲಿ ನಂಬರ್ ಬರೆಯೋದು, ಮೇಲೆ ಇನ್ನೊಂದು ಪದರ. ಯಾವತ್ತಾದ್ರೂ ತೆಗೀಬೇಕು ಅಂದ್ರೆ ಅಸಿಟೋನ್ ಮುಟ್ಟಿಸಿ ಒರೆಸಿದ್ರೆ ಹೋಗುತ್ತೆ, ಕಬ್ಬಿಣಕ್ಕೋ ಮರಕ್ಕೋ ಏನೂ ಆಗಲ್ಲ. ಏನೇ ಮಾಡಿದ್ರೂ ವಾಪಸ್ ತೆಗೆಯೋಕೆ ಬರಬೇಕು ಅನ್ನೋದು ಅಲ್ಲಿನ ಮೊದಲ ಪಾಠ. ನಂಗೆ ತುಂಬಾ ಹಿಡಿಸ್ತು ಅದು.

ಮೇ ಕೊನೆಯಲ್ಲಿ 41 ವಸ್ತುಗಳ ಫೋಟೋನ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಂದು ಫೈಲ್ ಮಾಡ್ಕೊಂಡು ಊರಿಗೆ ಬಂದೆ. ಕಕ್ಕಬ್ಬೆ ಕಡೆಯ ಒಂದು ಐನ್‌ಮನೆ, ಅಂದ್ರೆ ಕೊಡವ ಕುಟುಂಬದ ಮೂಲ ಮನೆ, ನಾಲ್ಕುನಾಡು ಅರಮನೆಗೆ ಹೋಗೋ ದಾರಿಯಲ್ಲೇ ಸಿಗುತ್ತೆ. ಆ ಒಕ್ಕದ (ಕುಲದ) ಪಟ್ಟೇದಾರರು, ಅಂದ್ರೆ ಯಜಮಾನರು, ತುಂಬಾ ವಯಸ್ಸಾದ ಅಜ್ಜ. ಜಗಲಿಯ ಮರದ ಹಲಗೆ ಐಮರದ ಮೇಲೆ ಕೂತು ಫೈಲ್ ತೊಡೆ ಮೇಲೆ ಇಟ್ಕೊಂಡು ಒಂದೊಂದೇ ಹಾಳೆ ತಿರುಗಿಸಿದ್ರು. ಆ ಮೊದಲನೇ ಕಾರ್ಡ್‌ನ ಕತ್ತಿ ನೋಡಿದ ಕೂಡ್ಲೇ "ಒಡಿಕತ್ತಿ" ಅಂದ್ರು, ನಂಗೂ ಗೊತ್ತಿತ್ತು ಅದು, ಆದ್ರೆ ಮುಂದಿನ ಪ್ರಶ್ನೆ ನಾನು ಯೋಚನೆ ಮಾಡಿರಲಿಲ್ಲ. "ತೊಡಂಗ್ ಎಲ್ಲಿ?" ಅಂದ್ರು. ತೊಡಂಗ್ ಇಲ್ಲ ಅಜ್ಜ, ಕತ್ತಿ ಮಾತ್ರ ಇರೋದು ಅಂದೆ. ಹಾಗಿರಲ್ಲ, ಅದು ಇರ್ಲೇಬೇಕು ಅಂತ ಹಾಳೆ ತಿರುಗಿಸ್ತಾ ಹೋಗಿ, ಇಪ್ಪತ್ತೇಳನೇ ಹಾಳೆ ಇರಬೇಕು, "ಹಿತ್ತಾಳೆ ಕೊಂಡಿ, ಉಪಯೋಗ ತಿಳಿದಿಲ್ಲ" ಅನ್ನೋದರ ಮೇಲೆ ಬೆರಳಿಟ್ರು.

ಆಮೇಲೆ ಎದ್ದು ಒಳಗೆ ಹೋಗಿ ಅವ್ರ ಮನೆಯದ್ದೇ ತೊಡಂಗ್ ತಂದು ನನ್ನ ಸೊಂಟಕ್ಕೆ ಕಟ್ಟಿದ್ರು. ಗೊತ್ತಿಲ್ಲದವರಿಗೆ ಹೇಳ್ತೀನಿ, ಒಡಿಕತ್ತಿಗೆ ಒರೆ ಇರಲ್ಲ. ಅಗಲವಾಗಿ ಬಾಗಿರೋ ಅಲಗು, ಹಾಗೇ ಬರಿದಾಗಿ ಬೆನ್ನ ಹಿಂದೆ ಈ ಹಿತ್ತಾಳೆ ಹಿಡಿಕೆಯೊಳಗೆ ನಿಂತಿರುತ್ತೆ. ಮದುವೆಯಲ್ಲಿ ಬಾಳೆ ಕಡಿಯೋದು ಇದರಲ್ಲೇ. ಮುಂದೆ ಚೇಲೆಗೆ (ಸೊಂಟಕ್ಕೆ ಸುತ್ತೋ ಬಟ್ಟೆಗೆ) ಸಿಕ್ಕಿಸೋದು ಪೀಚೆಕತ್ತಿ, ಬೆಳ್ಳಿ ಸರಪಳಿ ಇರೋದು, ಅದು ಫೋಟೋಗಳಲ್ಲಿ ಚೆನ್ನಾಗಿ ಕಾಣುತ್ತೆ, ಹಾಗಾಗಿ ಎಲ್ರಿಗೂ ಗೊತ್ತು. ಬೆನ್ನ ಹಿಂದಿನದು ಫೋಟೋದಲ್ಲಿ ಬರಲ್ಲ. ತೊಡಂಗ್ ಕಟ್ಟಿದ ಕೂಡ್ಲೇ ಸೊಂಟದ ಹಿಂದೆ ಒಂದು ತೂಕ ಬಂತು, ನಾನು ನಿಂತಿರೋ ರೀತಿನೇ ಬದಲಾಯ್ತು, ಬೆನ್ನು ತಾನಾಗಿ ನೆಟ್ಟಗಾಯ್ತು. ಅಜ್ಜ ಅದನ್ನ ನೋಡಿ "ಈಗ ಗೊತ್ತಾಯ್ತಲ್ಲ" ಅಂದ್ರು. ಈ ಮಾತನ್ನ ಯಾವ ಕಾರ್ಡ್‌ನಲ್ಲಿ ಯಾವ ಕಾಲಂನಲ್ಲಿ ಬರೀಬೇಕು ಅಂತ ಈಗ್ಲೂ ಯೋಚನೆ ಮಾಡ್ತೀನಿ.

ವಾಪಸ್ ಹೋಗಿ ಕ್ಯುರೇಟರ್‌ಗೆ ಹೇಳಿದೆ. ಕತ್ತಿ ಒಂದು ಬೀರುವಲ್ಲಿ, ಆಯುಧ ಅನ್ನೋ ವಿಭಾಗ, ಕೊಂಡಿ ಬೇರೆ ಬೀರುವಲ್ಲಿ, ಲೋಹದ ಬಿಡಿ ಭಾಗಗಳು ಅಂತ. ಕತ್ತಿಯನ್ನ ನೇರ ತೂರಿಸಿ ನೋಡೋ ಹಾಗಿಲ್ಲ, ಹಿತ್ತಾಳೆ ಗೀಚುತ್ತೆ, ಅದಕ್ಕೆ ಅಲಗಿನ ಆಕಾರಕ್ಕೆ ದಪ್ಪ ಕಾರ್ಡ್‌ಬೋರ್ಡ್ ಕತ್ತರಿಸಿ ಅದನ್ನ ಕೊಂಡಿಯೊಳಗೆ ಇಳಿಸಿದ್ವಿ. ಸರಿಯಾಗಿ ಕೂತ್ಕೊಂಡ್ತು. ಒಳಗಡೆ ಹಿತ್ತಾಳೆ ಒಂದು ಕಡೆ ಸವೆದಿತ್ತು, ಬಳಸಿ ಬಳಸಿ ಆಗಿರೋ ಸವೆತ, ಆ ಜಾಗಕ್ಕೂ ಅಲಗಿನ ಬೆನ್ನಿಗೂ ಹೊಂದಾಣಿಕೆ ಆಯ್ತು. ಆಮೇಲೆ ಹಳೇ ರಿಜಿಸ್ಟರ್ ತೆಗೆದು ನೋಡಿದ್ರೆ ಎರಡೂ ಬಂದಿದ್ದು ಒಂದೇ ದಿನ. ಒಟ್ಟಿಗೆ ಬಂದ ಜೋಡಿನ ಯಾರೋ ಲೋಹ ನೋಡಿ ಬೇರೆ ಮಾಡಿ, ಒಂದಕ್ಕೆ ಹೆಸರು ಕೊಟ್ಟು ಇನ್ನೊಂದಕ್ಕೆ ತಿಳಿದಿಲ್ಲ ಅಂತ ಬರೆದು, ಅಷ್ಟು ವರ್ಷ ಎರಡೂ ಹತ್ತು ಹೆಜ್ಜೆ ದೂರದಲ್ಲಿ ಇದ್ವು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲೂ ಕೊಡಗಿನ ಈ ಕತ್ತಿಗಳಿವೆ, ವೆಬ್‌ಸೈಟ್‌ನಲ್ಲಿ ನೋಡಬಹುದು, ನೋಡಿದಾಗೆಲ್ಲ ನಂಗೆ ಈಗ ಮೊದಲು ಬರೋ ಪ್ರಶ್ನೆ ಅಜ್ಜನದ್ದೇ, ತೊಡಂಗ್ ಎಲ್ಲಿ?

ಮಳೆಗಾಲ ಶುರುವಾದ ಮೇಲೆ ಕೆಲಸ ಇನ್ನೊಂದು ಕಡೆ ತಿರುಗ್ತು. ಮ್ಯೂಸಿಯಂನವ್ರು ಕನ್ಸರ್ವೇಶನ್ ವರ್ಕ್‌ಶಾಪ್ ಒಂದನ್ನ ಮಡಿಕೇರಿಯಲ್ಲಿ ಇಟ್ಕೊಳ್ಳೋಣ ಅಂದ್ರು, ಮನೆಯಲ್ಲಿ ಹಳೇ ಫೋಟೋ, ಬಟ್ಟೆ, ಕಾಗದ ಕಾಪಾಡೋದು ಹೇಗೆ ಅಂತ. ಜುಲೈನಲ್ಲಿ ಮಡಿಕೇರಿಯಲ್ಲಿ ಏನನ್ನಾದ್ರೂ ಒಣಗಿಸೋದು ಹೇಗೆ ಅಂತ ಹೇಳಿಕೊಡೋದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಕಪಾಟಿನಲ್ಲಿರೋ ಚಪ್ಪಲಿಗೂ ಬೂಷ್ಟು ಬರುತ್ತೆ. ಗಾಳಿಯ ತೇವ ಶೇ 65 ದಾಟಿದ್ರೆ ಫಂಗಸ್‌ಗೆ ಖುಷಿ, ಮ್ಯೂಸಿಯಂ ಸ್ಟೋರ್‌ನಲ್ಲಿ ಅದನ್ನ 50ರ ಆಸುಪಾಸು ಇಡೋಕೆ ಮೆಷಿನ್ ಇದೆ, ಸಿಲಿಕಾ ಜೆಲ್ ಇದೆ. ನಮ್ಮ ಮನೆಗಳಲ್ಲಿ ಏನಿದೆ? ಅಟ್ಟ ಇದೆ. ಕನ್ಸರ್ವೇಟರ್ ಮೇಡಂ ಒಂದು ಹಳೇ ಮನೆಯಲ್ಲಿ ತೇವ ಅಳೆಯೋ ಸಣ್ಣ ಯಂತ್ರ ಎರಡು ಇಟ್ರು, ಒಂದು ಕೆಳಗಿನ ಕೋಣೆ, ಒಂದು ಒಲೆ ಮೇಲಿನ ಅಟ್ಟ. ಕೆಳಗೆ ತೊಂಬತ್ತರ ಮೇಲೇ ನಿಂತಿತ್ತು, ಅಟ್ಟದಲ್ಲಿ ಎಪ್ಪತ್ತರ ಕೆಳಗೆ. ದಿನಾ ಒಲೆ ಉರಿಯೋ ಬಿಸಿ, ಅದಕ್ಕೇ ನಮ್ಮ ಹಿರಿಯರು ಬೀಜ, ಬುಟ್ಟಿ, ಒಣಮಾಂಸ ಎಲ್ಲಾ ಅಲ್ಲಿ ಇಡ್ತಿದ್ದದ್ದು. ಹೊಗೆ ಕೂತು ಬಿದಿರು ಕಪ್ಪಾಗುತ್ತೆ, ಬುಟ್ಟಿಗೆ ಹುಳ ಹತ್ತಲ್ಲ. ಫೋಟೋ, ರೇಷ್ಮೆ ಎಲ್ಲಾ ಅಲ್ಲಿ ಇಡೋಕಾಗಲ್ಲ, ಹೊಗೆಯಿಂದ ಹಾಳಾಗುತ್ತೆ, ಅದೂ ಹೇಳಿದ್ರು. ಆದ್ರೆ ಗ್ಯಾಸ್ ಸ್ಟವ್ ಬಂದು ಒಲೆ ಆರಿದ ಮನೆಗಳಲ್ಲಿ ಅಟ್ಟದ ಬುಟ್ಟಿಗಳು ಯಾಕೆ ಎರಡೇ ವರ್ಷಕ್ಕೆ ಪುಡಿಯಾಗ್ತಿವೆ ಅಂತ ಆವತ್ತು ಎಲ್ರಿಗೂ ಅರ್ಥ ಆಯ್ತು.

ಆ ವರ್ಕ್‌ಶಾಪ್‌ನಲ್ಲಿ ನಂದೇ ಒಂದು ಕಥೆ ಇದೆ, ಬರೀಬೇಕೋ ಬೇಡವೋ ಅಂತ ಯೋಚನೆ ಮಾಡಿದ್ದೆ, ಬರೀತೀನಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ನಮ್ಮ ಮನೆ ಪೂರ್ತಿ ಹೋಗಲಿಲ್ಲ, ಹಿಂದಿನ ಗೋಡೆ ಒಡೆದು ಕೆಸರು ನುಗ್ಗಿತ್ತು. ನಾವು ಮಡಿಕೇರಿಯಲ್ಲಿ ಕ್ಯಾಂಪ್‌ನಲ್ಲಿ ಇದ್ವಿ. ವಾರ ಕಳೆದು ಹೋದಾಗ ಅಜ್ಜಿಯ ಮದುವೆ ಫೋಟೋ ಕೆಸರಿನಲ್ಲಿ ಸಿಕ್ತು, ಫ್ರೇಮ್ ಹಾಕಿದ್ದು, ಗಾಜು ಒಡೆದಿರಲಿಲ್ಲ. ಅಜ್ಜಿದು ಇದ್ದದ್ದು ಅದೊಂದೇ ಫೋಟೋ. ನಾನು ಖುಷಿಯಲ್ಲಿ ಅದನ್ನ ತಂದು ಒಲೆ ಪಕ್ಕ ಇಟ್ಟು ಒಣಗಿಸಿದೆ, ಒಣಗಿದ ಮೇಲೆ ಗಾಜಿನಿಂದ ಮೆಲ್ಲಗೆ ಬಿಡಿಸೋಕೆ ಹೋದೆ, ಮೆಲ್ಲಗೇ ಎಳೆದಿದ್ದು, ಆದ್ರೂ ಅಜ್ಜಿಯ ಮುಖ ಗಾಜಿನ ಮೇಲೆ ಉಳೀತು, ನನ್ನ ಕೈಯಲ್ಲಿ ಬಿಳಿ ಕಾಗದ ಬಂತು. ಸೀರೆ ಇದೆ, ಕೈ ಇದೆ, ಪಕ್ಕದಲ್ಲಿ ಅಜ್ಜ ಇದ್ದಾರೆ, ಮುಖ ಇಲ್ಲ.

ಮೇಡಂ ವರ್ಕ್‌ಶಾಪ್‌ನಲ್ಲಿ ಹೇಳಿದ ಎರಡನೇ ವಿಷಯವೇ ಅದು. ಹಳೇ ಫೋಟೋದ ಚಿತ್ರ ಇರೋದು ಜೆಲಟಿನ್ ಪದರದಲ್ಲಿ, ನೀರು ಬಿದ್ರೆ ಅದು ಅಂಟಿನ ಹಾಗೆ ಆಗುತ್ತೆ, ಒಣಗೋವಾಗ ಎದುರಿಗೆ ಏನಿದ್ಯೋ ಅದನ್ನ ಕಚ್ಚಿಕೊಳ್ಳುತ್ತೆ. ಒದ್ದೆ ಇರುವಾಗಲೇ ಶುದ್ಧವಾದ ತಣ್ಣೀರಲ್ಲಿ ಬಿಡಿಸಿ, ಚಿತ್ರ ಮೇಲೆ ಮಾಡಿ ಬ್ಲಾಟಿಂಗ್ ಪೇಪರ್ ಮೇಲೆ ಒಣಗಿಸಬೇಕು. ತಕ್ಷಣ ಆಗಲ್ಲ ಅಂದ್ರೆ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಫ್ರೀಜರ್‌ನಲ್ಲಿ ಇಡಬೇಕು, ನಿಧಾನಕ್ಕೆ ನೋಡಬಹುದು. ಗಾಜಿಗೆ ಒಣಗಿ ಅಂಟಿಬಿಟ್ಟಿದ್ರೆ ಮುಟ್ಟಲೇಬಾರದು, ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ ಇಟ್ಕೋಬೇಕು. ನಾನು ಟ್ರಾನ್ಸ್‌ಲೇಟ್ ಮಾಡ್ತಿದ್ದವಳು ಮಧ್ಯದಲ್ಲಿ ನಿಲ್ಲಿಸಿಬಿಟ್ಟೆ, ಬಾಯಿಂದ ಮಾತೇ ಹೊರಡಲಿಲ್ಲ. ಆಮೇಲೆ ಕಾರಣ ಹೇಳಿದೆ. ಹಿಂದೆ ಕೂತಿದ್ದ ಒಬ್ರು ಮಾದಾಪುರ ಕಡೆಯವರು ಎದ್ದು ನಾವೂ ಹಾಗೇ ಎಳೆದಿದ್ವಿ ಅಂದ್ರು, ಇನ್ನೊಬ್ರು ನಮ್ಮದು ಇನ್ನೂ ಗಾಜಿಗೆ ಅಂಟಿಕೊಂಡೇ ಇದೆ, ಎಳೆದಿಲ್ಲ ಅಂದ್ರು. ಅವ್ರದ್ದನ್ನ ಮಾರನೇ ದಿನವೇ ತರಿಸಿ ಸ್ಕ್ಯಾನ್ ಮಾಡಿದ್ವಿ. ನಾಲ್ಕು ಜನ ಮಕ್ಕಳು, ಒಂದು ನಾಯಿ, ಹಿಂದೆ ಆ ಮನೆ, ಈಗ ಆ ಮನೆನೂ ಇಲ್ಲ, ಆ ಗುಡ್ಡನೂ ಇಲ್ಲ. ಇಡೀ ವರ್ಷದಲ್ಲಿ ನಾವು ಮಾಡಿದ ಅತಿ ದೊಡ್ಡ ಕೆಲಸ ಯಾವುದು ಅಂತ ಯಾರಾದ್ರೂ ಕೇಳಿದ್ರೆ ನಾನು ಎಕ್ಸಿಬಿಷನ್ ಅಲ್ಲ, ಈ ಸ್ಕ್ಯಾನ್ ಅಂತೀನಿ. ಗುಡ್ಡ ಜಾರೋ ಜಿಲ್ಲೆಗೆ ಇಂಥ ಒಂದು ಪಾಠ 2018ಕ್ಕೆ ಮೊದಲೇ ಬರಬೇಕಿತ್ತು.

ಆಗಸ್ಟ್ ಮೊದಲಿಗೆ ಬರೋ ಕಕ್ಕಡ ಹದಿನೆಂಟಕ್ಕೆ ಮತ್ತೆ ಕಕ್ಕಬ್ಬೆಯ ಆ ಅಜ್ಜನ ಮನೆ, ಔಷಧಿ ಸೊಪ್ಪಿನ ಮದ್ದ್ ಪಾಯಸ ಕುಡಿದು ಲೋನ್ ಪೇಪರ್ ಮಾತಾಡೋಕೆ ಕೂತ್ವಿ. ಎಕ್ಸಿಬಿಷನ್‌ಗೆ ಮ್ಯೂಸಿಯಂ ವಸ್ತು ಜೊತೆ ಮನೆಗಳಿಂದಲೂ ಸ್ವಲ್ಪ ವಸ್ತು ಎರವಲು ತರೋದು ಅಂತ ಇತ್ತು. ಇಲ್ಲಿ ಜನಕ್ಕೆ ಒಂದು ಭಯ, ಸರ್ಕಾರದವ್ರು ಒಂದ್ಸಲ ನೋಡಿ ಬರ್ಕೊಂಡ್ರೆ ವಸ್ತು ಹೋಯ್ತು ಅಂತ. 1972ರ ಕಾನೂನು ಪ್ರಕಾರ ನೂರು ವರ್ಷ ದಾಟಿದ್ದು ಪ್ರಾಚೀನ ವಸ್ತು, ಅದರಲ್ಲಿ ಕೆಲವು ಬಗೆಯದ್ದನ್ನ ನೋಂದಣಿ ಮಾಡಿಸಬೇಕು, ದೇಶದ ಹೊರಗೆ ಮಾರೋ ಹಾಗಿಲ್ಲ, ಆದ್ರೆ ನೋಂದಣಿ ಮಾಡಿಸಿದ ಮಾತ್ರಕ್ಕೆ ವಸ್ತು ಮನೆ ಬಿಟ್ಟು ಹೋಗಲ್ಲ, ಮಾಲೀಕರು ನೀವೇ. ಇದನ್ನ ನಾನು ಆ ವರ್ಷ ಎಷ್ಟು ಮನೆಯಲ್ಲಿ ಹೇಳಿದ್ದೀನೋ ಲೆಕ್ಕ ಇಲ್ಲ.

ಅಜ್ಜನಿಗೆ ಆ ಭಯ ಇರಲಿಲ್ಲ, ಅವ್ರ ಸಮಸ್ಯೆ ಬೇರೆ. ಫಾರ್ಮ್‌ನಲ್ಲಿ "ಮೌಲ್ಯ, ರೂಪಾಯಿಗಳಲ್ಲಿ" ಅಂತ ಒಂದು ಕಾಲಂ, ಇನ್ಶೂರೆನ್ಸ್‌ಗೆ ಬೇಕೇ ಬೇಕು. ಅಜ್ಜ ಪೆನ್ನು ಕೆಳಗಿಟ್ರು. ಕಾರೋಣರ (ಕುಲದ ಹಿರಿಯರ) ಕತ್ತಿಗೆ ರೂಪಾಯಿ ಬರೆದ್ರೆ ಅದು ಮಾರೋ ಸಾಮಾನು ಆಯ್ತು, ನಾನು ಬರೆಯಲ್ಲ ಅಂದ್ರು. ಎರಡು ವಾರ ಫೋನು, ಪತ್ರ, ಮೀಟಿಂಗ್. ಕೊನೆಗೆ ಆ ಮೊತ್ತವನ್ನ ಮನೆಯವರಲ್ಲ, ಮ್ಯೂಸಿಯಂ ತನ್ನ ಹೊಣೆಗೆ ಗೊತ್ತು ಮಾಡಿದ್ದು, ವಸ್ತುವಿನ ಬೆಲೆ ಇದಲ್ಲ ಅಂತ ಒಂದು ಸಾಲು ಸೇರಿಸಿ ಬೇರೆ ಹಾಳೆಯಲ್ಲಿ ಬರೆದ್ವಿ, ಅಜ್ಜ ಸಹಿ ಮಾಡಿದ ಹಾಳೆಯಲ್ಲಿ ರೂಪಾಯಿ ಇಲ್ಲ. ಆಫೀಸಿನವರಿಗೆ ಇದು ಸಣ್ಣ ವಿಷಯ ಅನ್ಸಿತ್ತು ಮೊದಲು, ಆಮೇಲೆ ಆ ಸಾಲನ್ನ ಬಾಕಿ ಮನೆಗಳಿಗೂ ಹಾಕಿದ್ರು.

ಇನ್ನೊಂದು, ಫೈಲ್ ಪ್ರಕಾರ ಎಲ್ಲಾ ಲೋನ್ ವಸ್ತುಗಳು ಆಗಸ್ಟ್ 31ರೊಳಗೆ ಸ್ಟೋರ್ ಸೇರಬೇಕಿತ್ತು. ಸೆಪ್ಟೆಂಬರ್ 3 ಕೈಲ್‌ಪೊಳ್ದ್. ನಾಟಿ ಮುಗಿದು ಆಯುಧ ಪೂಜೆ ಮಾಡೋ ದಿನ, ಕತ್ತಿ ಕೋವಿ ಎಲ್ಲಾ ಇಟ್ಟು ತೋಕ್ ಪೂ (ಕೋವಿ ಹೂ) ಏರಿಸೋ ದಿನ, ಆವತ್ತು ಕತ್ತಿ ಮನೇಲಿ ಇಲ್ಲ ಅಂದ್ರೆ ಹೇಗೆ? ನಾನು ಈ ತಾರೀಖು ಆಗಲ್ಲ ಅಂತ ಬರೆದೆ, ಒಂದೇ ಮೇಲ್‌ಗೆ ಬದಲಾಯಿಸಿಕೊಟ್ರು, ಯಾರೂ ಅಡ್ಡಿ ಮಾಡಲಿಲ್ಲ. ಗೊತ್ತಿರಲಿಲ್ಲ ಅಷ್ಟೇ. ಹಾಗೇ ಸುಗ್ಗಿ ಹಬ್ಬ ಪುತ್ತರಿ ಹತ್ರ ಬಂದಾಗ ಯಾರನ್ನೂ ಕರೀಬೇಡಿ, ಬರಲ್ಲ ಅಂತಲೂ ಹೇಳಿದ್ದೆ. ಕೋವಿಗಳನ್ನ ಬೇಡ ಅಂತ ನಾವೇ ಬಿಟ್ವಿ, ಕೊಡಗಿನವರಿಗೆ ಇರೋ ಲೈಸೆನ್ಸ್ ವಿನಾಯಿತಿ ಬೇರೆ ವಿಷಯ, ಅದನ್ನ ಸಾಗಿಸಿ ಗ್ಯಾಲರಿಯಲ್ಲಿ ಇಡೋದು ಬೇರೆ ವಿಷಯ, ಫೋಟೋ ಹಾಕಿದ್ವಿ.

ಈಗ ಗೊರಬೆ, ಅಂದ್ರೆ ಗದ್ದೆ ಕೆಲಸದಲ್ಲಿ ಮಳೆಗೆ ತಲೆ ಬೆನ್ನಿಗೆ ಹೊದ್ಕೊಳ್ಳೋ ಬಿದಿರಿನ ಹೊದಿಕೆ, ಅದರ ವಿಷಯಕ್ಕೆ ಬರ್ತೀನಿ. ನಾನು ಇದನ್ನೆಲ್ಲ ಬರೆಯೋಕೆ ಕೂತಿದ್ದೇ ಅದಕ್ಕೆ.

ಕೊಡಗು ಅಂದ್ರೆ ಹೊರಗಿನವರ ಕಣ್ಣಿಗೆ ಕುಪ್ಯ (ಕೊಡವರ ಉದ್ದ ಕೋಟು), ಚೇಲೆ, ಕತ್ತಿ. ಮ್ಯೂಸಿಯಂನ 41ರಲ್ಲೂ ಮುಕ್ಕಾಲು ಭಾಗ ಅದೇ. ಆದ್ರೆ ಇಲ್ಲಿ ಯರವರಿದ್ದಾರೆ, ಜೇನುಕುರುಬರು, ಬೆಟ್ಟಕುರುಬರು, ಕುಡಿಯರು, ಮೇದರು, ಐರಿಗಳು, ನಮ್ಮ ಗೌಡರು, ಒಡಿಕತ್ತಿ ಬಡಿದ ಕೈಯೂ ಗದ್ದೆ ನೆಟ್ಟ ಕೈಯೂ ಬೇರೆ ಬೇರೆ ಜನರದ್ದು. ಇದನ್ನ ಮೀಟಿಂಗ್‌ನಲ್ಲಿ ಹೇಳಿದೆ, ಒಪ್ಪಿದ್ರು, ಹಾಗೆ ನಾವು ತಿತಿಮತಿ ಆಚೆಯ ಒಂದು ಹಾಡಿಗೆ ಹೋಗಿದ್ದು. ಅಲ್ಲಿ ಒಬ್ರು ಯರವ ಅಜ್ಜಿ, ಜೀವನ ಪೂರ್ತಿ ಬೇರೆಯವರ ಗದ್ದೆಯಲ್ಲಿ ನಾಟಿ ಮಾಡಿದವರು. ಅವ್ರ ಹತ್ರ ಒಂದು ಗೊರಬೆ ಇತ್ತು, ಬಿದಿರಿನ ಸೀಳು ಹೆಣೆದು ಮಧ್ಯ ಎಲೆ ಹೊದಿಸಿದ್ದು, ಅವ್ರ ಅಣ್ಣ ಮಾಡಿಕೊಟ್ಟಿದ್ದು. ತಲೆಯಿಂದ ಬೆನ್ನಿನ ಕೆಳಗಿನವರೆಗೆ ಬರುತ್ತೆ. ಈಗ ಎಲ್ರೂ ಪ್ಲಾಸ್ಟಿಕ್ ಕಟ್ಕೊಳ್ತಾರೆ, ಒಳಗೆ ಬೆವರು, ಗಾಳಿಗೆ ಹಾರುತ್ತೆ, ನಂಗೆ ಇದೇ ಬೇಕು ಅಂದ್ರು.

ಮೊದಲು ಅಜ್ಜಿ ಕೊಡಲ್ಲ ಅಂದ್ರು. ಹಿಂದೆ ಯಾರೋ ಬಂದು ಫೋಟೋ ತೆಗೆದು, ಹಾಡು ರೆಕಾರ್ಡ್ ಮಾಡ್ಕೊಂಡು ಹೋದ್ರಂತೆ, ಕಳಿಸ್ತೀವಿ ಅಂದವ್ರು ಕಳಿಸಲೇ ಇಲ್ಲವಂತೆ. ನಾನು ಆವತ್ತು ಮತ್ತೆ ವಸ್ತು ಕೇಳದೆ ವಾಪಸ್ ಬಂದೆ, ತೆಗೆದ ಫೋಟೋಗಳನ್ನ ಪ್ರಿಂಟ್ ಹಾಕಿಸಿ ಮುಂದಿನ ವಾರ ಕೊಟ್ಟೆ. ಮೂರನೇ ಸಲ ಹೋದಾಗ ಅವ್ರೇ ಕೇಳಿದ್ರು, ಯಾವಾಗ ವಾಪಸ್ ಕೊಡ್ತೀರಿ? ಮುಂದಿನ ನಾಟಿಗೆ ಮೊದಲು ಅಂದೆ. ಕಾಗದದಲ್ಲಿ ಅದನ್ನೇ ಬರೆಸಿದ್ರು, ತಾರೀಖು ಅಲ್ಲ, "ಮುಂದಿನ ನಾಟಿಗೆ ಮೊದಲು" ಅಂತ, ಓದಿಸಿ ಕೇಳಿ ಹೆಬ್ಬೆಟ್ಟು ಒತ್ತಿದ್ರು. ಅವ್ರ ಮಾತನ್ನ ಅವ್ರ ಭಾಷೆಯಲ್ಲೇ ರೆಕಾರ್ಡ್ ಮಾಡಿದ್ವಿ, ಅದರ ಒಂದು ಕಾಪಿ ಮೊಮ್ಮಗನ ಫೋನಿಗೆ ಅಲ್ಲೇ ಹಾಕಿ ಬಂದ್ವಿ.

ನವೆಂಬರ್ ಮೂರನೇ ವಾರ, ವಿಶ್ವ ಪರಂಪರೆ ಸಪ್ತಾಹದಲ್ಲಿ ಎಕ್ಸಿಬಿಷನ್ ಓಪನಿಂಗ್. ದೀಪ, ಭಾಷಣ, ಅತಿಥಿಗಳು, ಅದನ್ನೆಲ್ಲ ಬರೆಯಲ್ಲ. ವಸ್ತು ಕೊಟ್ಟ ಮನೆಗಳವರನ್ನೆಲ್ಲ ಬಸ್ ಮಾಡಿ ಕರೆಸಿದ್ವಿ, ಹಾಡಿಯಿಂದಲೂ ಹನ್ನೊಂದು ಜನ ಬಂದಿದ್ರು. ನಾನು ಹಿಂದಿನ ಎರಡು ದಿನ ಬಸ್ಸು, ಊಟ, ರೂಮು ಅಂತ ಓಡಾಡ್ತಿದ್ದೆ, ಗ್ಯಾಲರಿಯಲ್ಲಿ ಕೊನೆಗೆ ಏನು ಹೇಗೆ ಜೋಡಿಸಿದ್ದಾರೆ ಅಂತ ನೋಡಿರಲಿಲ್ಲ. ಅಜ್ಜಿನ ಕರ್ಕೊಂಡು ಅವ್ರ ಗೊರಬೆ ಹತ್ರ ಹೋದೆ. ಗಾಜಿನ ಕೇಸ್ ಒಳಗೆ, ಗೋಡೆಗೆ ಚಪ್ಪಟೆಯಾಗಿ ತಲೆಕೆಳಗೆ ನೇತು ಹಾಕಿದ್ರು, ಒಳಭಾಗ ಜನರ ಕಡೆ, ಒಳ್ಳೇ ಮೊರ ನೇತು ಹಾಕಿದ ಹಾಗೆ. ಕೆಳಗೆ ಲೇಬಲ್, "ಬುಡಕಟ್ಟು ಮಳೆಕೊಡೆ. ಬಿದಿರು, ಎಲೆ." ನಾನು ಬರೆದುಕೊಟ್ಟ ನಾಲ್ಕು ಸಾಲು, ಅಜ್ಜಿಯ ಮಾತು, ಎಲ್ಲಾ ಎಡಿಟಿಂಗ್‌ನಲ್ಲಿ ಹೋಗಿತ್ತು, ರೆಕಾರ್ಡಿಂಗ್ ಇನ್ನೊಂದು ಹಾಲ್‌ನಲ್ಲಿ ಹೆಡ್‌ಫೋನ್ ಒಳಗಿತ್ತು. ಏಪ್ರಿಲ್‌ನಲ್ಲಿ ನೋಡಿದ ಆ ಕಾರ್ಡ್ ಮತ್ತೆ ಹೊಸದಾಗಿ ಹುಟ್ಟಿತ್ತು, ಅದೂ ನಾನು ಇರುವಾಗಲೇ.

ಅಜ್ಜಿ ಏನೂ ಹೇಳಲಿಲ್ಲ ಸ್ವಲ್ಪ ಹೊತ್ತು. ಆಮೇಲೆ ಮೊಮ್ಮಗನ ಹತ್ರ ಏನೋ ಅಂದ್ರು, ಅವನು ನಂಗೆ ಹೇಳ್ದ, ಮಳೆ ಒಳಗೆ ಬೀಳುತ್ತಲ್ಲ ಅಂತ ಕೇಳ್ತಿದ್ದಾರೆ.

ನಾನು ಹೋಗಿ ಕ್ಯುರೇಟರ್‌ನ ಕರ್ಕೊಂಡು ಬಂದೆ. ನನ್ನ ದನಿ ನಡುಗ್ತಿತ್ತು, ಅಳು ಬರ್ತಿತ್ತು. ಅವ್ರು ನೋಡಿದ್ರು, ಕೀಲಿ ತರಿಸಿದ್ರು, ಓಪನಿಂಗ್ ದಿನ ಜನ ತುಂಬಿರುವಾಗ ಕೇಸ್ ತೆಗೆಸಿ ಅಜ್ಜಿಗೆ ನೀವೇ ತೆಗೀರಿ ಅಂದ್ರು. ನಿಯಮ ಪ್ರಕಾರ ಹಾಗೆ ಮಾಡೋ ಹಾಗಿಲ್ಲ, ಗ್ಲೌಸ್ ಇಲ್ಲದೆ ಯಾರೂ ಮುಟ್ಟೋ ಹಾಗಿಲ್ಲ. ಆದ್ರೆ 2022ರ ಆಗಸ್ಟ್‌ನಲ್ಲಿ ಪ್ರಾಗ್‌ನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಮ್ಯೂಸಿಯಂ ಕೌನ್ಸಿಲ್ ಮ್ಯೂಸಿಯಂ ಅಂದ್ರೇನು ಅನ್ನೋ ವ್ಯಾಖ್ಯಾನವನ್ನೇ ಬದಲಾಯಿಸಿ ಅದರೊಳಗೆ ಸಮುದಾಯಗಳ ಭಾಗವಹಿಸುವಿಕೆ ಅನ್ನೋ ಮಾತು ಸೇರಿಸಿದೆ, ನಮ್ಮ ಟ್ರೈನಿಂಗ್‌ನಲ್ಲೂ ಅದನ್ನ ಓದಿಸಿದ್ರು, ಆವತ್ತು ಆ ಮಾತು ನನ್ನ ಕಣ್ಣೆದುರು ನಡೀತು. ಅಜ್ಜಿ ಗೊರಬೆ ತೆಗೆದು ತಲೆಗೆ ಇಟ್ಕೊಂಡು ಬಾಗಿದ್ರು. ಎರಡೂ ಕೈ ನೆಲದ ಹತ್ರ, ಎಡಗೈಯಲ್ಲಿ ಸಸಿ ಕಂತೆ ಇದ್ದ ಹಾಗೆ, ಬಲಗೈ ಕೆಸರಿಗೆ ಇಳಿದು ಮೇಲೆ ಬಂದ ಹಾಗೆ, ಹಿಂದೆ ಹಿಂದೆ ಹೆಜ್ಜೆ. ಕೊಡೆ ಹಿಡಿಯೋಕೆ ಒಂದು ಕೈ ಬೇಕು, ನಾಟಿಗೆ ಎರಡು ಕೈಯೂ ಬೇಕು. ಬಾಗಿ ನಿಂತ ಬೆನ್ನಿಗೆ ಒಂದು ಮಾಡು ಅದು. ಬಂದವರೆಲ್ಲ ಜಾಗ ಬಿಟ್ಟು ನಿಂತ್ರು, ಅಜ್ಜಿ ಆ ಕಲ್ಲಿನ ನೆಲದ ಮೇಲೆ ಹತ್ತು ಹೆಜ್ಜೆ ನಾಟಿ ಮಾಡಿದ್ರು.

ಮಾರನೇ ದಿನ ಸ್ಟ್ಯಾಂಡ್ ಬದಲಾಯ್ತು, ಬಾಗಿದ ಬೆನ್ನಿನ ಆಕಾರದ್ದು, ಗೊರಬೆ ಅದರ ಮೇಲೆ ಸರಿಯಾಗಿ ಕೂತ್ಕೊಂಡ್ತು. ರೆಕಾರ್ಡಿಂಗ್ ಪಕ್ಕಕ್ಕೇ ಬಂತು. ಲೇಬಲ್‌ನಲ್ಲಿ ಗೊರಬೆ ಅನ್ನೋ ಹೆಸರು, ಮಾಡಿದವರು ಯಾರು, ಬಳಸಿದವರು ಯಾರು, ಎಲ್ಲಾ ಅವ್ರ ಒಪ್ಪಿಗೆ ತಗೊಂಡು ಬರೆದ್ವಿ. ಆಮೇಲೆ ಬಾಕಿ ಲೇಬಲ್‌ಗಳನ್ನೂ ಒಂದೊಂದಾಗಿ ಕೂತು ತಿದ್ದಿದ್ವಿ, ಡಿಸೆಂಬರ್ ಪೂರ್ತಿ ಅದೇ ಕೆಲಸ.

ಜನವರಿ, ಫೆಬ್ರವರಿ ಮಡಿಕೇರಿ. ಒಂದು ಹಾಲ್‌ನಲ್ಲಿ ಚಿಕ್ಕ ಎಕ್ಸಿಬಿಷನ್, ದಿನಕ್ಕೆ ಎರಡು ಶಾಲೆ. ಮಕ್ಕಳಲ್ಲಿ ತುಂಬಾ ಜನ ಸನ್ನಿಸೈಡ್‌ನ ಜನರಲ್ ತಿಮ್ಮಯ್ಯ ಮ್ಯೂಸಿಯಂ ನೋಡಿದ್ರು, 2021ರಲ್ಲಿ ಓಪನ್ ಆಗಿದ್ದು, ಶಾಲೆಯಿಂದ ಕರ್ಕೊಂಡು ಹೋಗಿದ್ರಂತೆ. ಕೋಟೆ ಒಳಗಿನ ಹಳೇ ಚರ್ಚ್ ಕಟ್ಟಡದ ಮ್ಯೂಸಿಯಂ ಹೊರಗಿಂದ ನೋಡಿದವ್ರು ಜಾಸ್ತಿ, ಒಳಗೆ ಹೋದವ್ರು ಕಡಿಮೆ. ನಾವು ಒಂದು ಉದ್ದ ಟೇಬಲ್ ಇಟ್ಟು "ಮುಟ್ಟಿ ನೋಡಿ" ಅಂತ ಬೋರ್ಡ್ ಹಾಕಿದ್ವಿ, ದುಡಿ, ಪರೆ, ನೂಲ್‌ಪುಟ್ಟ್ (ಶಾವಿಗೆ) ಒರಳು, ತೂಕ್‌ಬೊಳ್ಚ (ತೂಗುದೀಪ). ಮೊದಲ ಅರ್ಧ ಗಂಟೆ ಯಾರೂ ಮುಟ್ಟಲಿಲ್ಲ, ಬೈತಾರೆ ಅಂತ. ಒಬ್ಬ ಹುಡುಗ ಮೆಲ್ಲಗೆ ದುಡಿ ತಟ್ಟಿದ, ಆಮೇಲೆ ಹಾಲ್ ತುಂಬಾ ದುಡಿ ಸದ್ದು. ಮನೆಯಿಂದ ಒಂದು ಹಳೇ ವಸ್ತು ಅಥವಾ ಅದರ ಚಿತ್ರ ತನ್ನಿ, ಮನೇಲಿ ಕೇಳಿ ಅದರ ಕಥೆ ಬರ್ಕೊಂಡು ಬನ್ನಿ ಅಂತ ಹೇಳಿ ಕಳಿಸ್ತಿದ್ವಿ. ಒಬ್ಬಳು ಹುಡುಗಿ, ಅಪ್ಪ ಅಮ್ಮ ಅಸ್ಸಾಂನಿಂದ ಎಸ್ಟೇಟ್ ಕೆಲಸಕ್ಕೆ ಬಂದವ್ರು, ಕನ್ನಡ ಚೆನ್ನಾಗಿ ಮಾತಾಡ್ತಾಳೆ, ಒಂದು ಗಮೋಸ ತಂದಿದ್ಲು, ಬಿಳಿ ಬಟ್ಟೆ ಕೆಂಪು ಅಂಚು, ಅಜ್ಜಿ ನೇಯ್ದಿದ್ದಂತೆ. ಬ್ಯಾಗ್‌ನಿಂದ ಅರ್ಧ ತೆಗೆದು, ಇದು ಕೊಡಗಿನದಲ್ಲ ಮಿಸ್, ಇಡಬಹುದಾ ಅಂತ ಕೇಳಿದ್ಲು. ನಿನ್ನ ಮನೆ ಎಲ್ಲಿ ಅಂದೆ. ಸಿದ್ದಾಪುರ ಅಂದ್ಲು. ಹಾಗಾದ್ರೆ ಇಡಬಹುದು ಅಂದೆ. ಆ ಕಾರ್ಡ್ ಅವಳೇ ಬರೆದಳು, ಕನ್ನಡದಲ್ಲಿ ಮೂರು ಸಾಲು, ಮೂರನೇದು "ಅಜ್ಜಿ ಅಲ್ಲಿ ಇದ್ದಾರೆ, ಇದು ಇಲ್ಲಿ ಇದೆ."

ಮೇ 18, ಅಂತಾರಾಷ್ಟ್ರೀಯ ಮ್ಯೂಸಿಯಂ ದಿನ, ಎಕ್ಸಿಬಿಷನ್ ಮುಗೀತು. ವರದಿಯಲ್ಲಿ ಎಷ್ಟು ಶಾಲೆ, ಎಷ್ಟು ಜನ, ಎಷ್ಟು ಖರ್ಚು ಅಂತ ಬರೆದ್ವಿ. ನಾನು ಮಾತ್ರ ಹೋಗೋ ಮುಂಚೆ 41 ಕಾರ್ಡ್‌ಗಳನ್ನ ಹೊಸದಾಗಿ ಬರೆದುಕೊಟ್ಟೆ. ಒಡಿಕತ್ತಿ ತೊಡಂಗ್ ಈಗ ಒಂದೇ ಡ್ರಾಯರ್‌ನಲ್ಲಿವೆ, ಕಾರ್ಡ್‌ಗಳಲ್ಲಿ ಒಂದರ ನಂಬರ್ ಇನ್ನೊಂದರಲ್ಲಿ ಇದೆ. ಹದಿನಾಲ್ಕು ವಸ್ತುಗಳ ಬಗ್ಗೆ ಎಷ್ಟು ಕೇಳಿದ್ರೂ ಏನೂ ಸಿಗಲಿಲ್ಲ, ಅವುಗಳ ಕಾರ್ಡ್‌ನಲ್ಲಿ ಯಾರ್ಯಾರನ್ನ ಕೇಳಿದ್ವಿ ಅಂತ ಬರೆದಿದ್ದೀನಿ, ಮುಂದೆ ಬರೋರು ಅಲ್ಲಿಂದ ಶುರು ಮಾಡ್ಲಿ.

ಜೂನ್ ಮೊದಲ ವಾರ ಗೊರಬೆ ವಾಪಸ್ ಕೊಡೋಕೆ ಹಾಡಿಗೆ ಹೋದ್ವಿ. ಮಳೆ ಹಿಡಿದಿತ್ತು. ಆಸಿಡ್ ಇಲ್ಲದ ಟಿಶ್ಯೂ ಪೇಪರ್ ಸುತ್ತಿ ದೊಡ್ಡ ಬಾಕ್ಸ್‌ನಲ್ಲಿ ತಂದಿದ್ವಿ. ಕಂಡೀಷನ್ ರಿಪೋರ್ಟ್ ಅಂತ ಒಂದು ಹಾಳೆ ಇರುತ್ತೆ, ಹೋಗುವಾಗ ಹೇಗಿತ್ತು ಬರುವಾಗ ಹೇಗಿದೆ ಅಂತ, ಅದರಲ್ಲಿ "ಬದಲಾವಣೆ ಇಲ್ಲ" ಅಂತ ಬರೆದಿತ್ತು. ಅಜ್ಜಿ ಬಾಗಿಲಲ್ಲಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ರು, ಅಂಚಿನ ಹತ್ರ ಒಂದು ಸೀಳು ಮುರಿದಿತ್ತು, ಬೆರಳಿಟ್ಟು ತೋರಿಸಿದ್ರು. ನಾವು ಯಾರೂ ಕಂಡಿರಲಿಲ್ಲ. ನಾನು "ಬದಲಾವಣೆ ಇಲ್ಲ" ಹೊಡೆದು ಹಾಕಿ ಎಲ್ಲಿ ಮುರಿದಿದೆ ಅಂತ ಬರೆದು ತಪ್ಪಾಯ್ತು ಅಜ್ಜಿ ಅಂದೆ. ಅವ್ರು ಅಣ್ಣನ್ನ ಕೂಗಿದ್ರು. ಅವ್ರು ಬಂದು ಮಾಡಿನ ಅಂಚಲ್ಲಿ ಕೂತು ಒಂದು ಬಿದಿರು ಸೀಳಿ, ಕತ್ತಿಯಿಂದ ತೆಳ್ಳಗೆ ಮಾಡಿ, ಮುರಿದದ್ದನ್ನ ಎಳೆದು ಹೊಸದನ್ನ ಮೂರು ಕಡೆ ಮೇಲೆ ಕೆಳಗೆ ಹೆಣೆದು ತುದಿ ಮಡಚಿ ಒಳಗೆ ಸಿಕ್ಕಿಸಿದ್ರು, ಹತ್ತು ನಿಮಿಷನೂ ಆಗಲಿಲ್ಲ. ಹಸಿರು ಸೀಳು ಒಂದು, ಬಾಕಿ ಎಲ್ಲಾ ಹೊಗೆಗೆ ಕಪ್ಪಾಗಿರೋದು. ಅಜ್ಜಿ ಅದನ್ನ ತಲೆಗೆ ಇಟ್ಕೊಂಡು, ಬಾಕ್ಸ್ ಇಟ್ಕೊಳ್ಳಲಾ ಅಂತ ಕೇಳಿದ್ರು, ಇಟ್ಕೊಳ್ಳಿ ಅಂದೆ, ಗದ್ದೆ ಕಡೆ ಇಳಿದು ಹೋದ್ರು.